ಕಾಂಬೋಡಿಯಾದ ಅಧಿಕೃತ ನಾಮ: ಶಬ್ದವಿವೇಚನೆ

ಕಾಂಬೋಡಿಯಾದ ಅಧಿಕೃತ ನಾಮವು ಖ್ಮೇರ್ ಬರಹದಲ್ಲಿ ‘ಬ್ರಃ ರಾಜಾಣಾಚಕ್ರ ಕಂಬುಜಾ’ ಎಂದಿದೆ. ಉಚ್ಚಾರಣೆಯಲ್ಲಿ ಕೊನೆಯ ಪದ ‘ಕಂಪೂಚಿಯಾ’ ಆಗುತ್ತದೆ. ಮೊದಲನೆಯದು ಪೂಜ್ಯತಾಸೂಚಕ. ವಿವೇಚನೆಗೆ ಅರ್ಹವಾದುದು ಎರಡನೆಯದು. ಅದನ್ನು ರಾಜ, ಆಣಾ, ಚಕ್ರ ಎಂದು ಬಿಡಿಸಬೇಕು. ‘ಆಣಾ’ ಎಂಬುದು ಸಂಸ್ಕೃತದ ‘ಆಜ್ಞಾ’ ಶಬ್ದದ ಪಾಳಿ ರೂಪ. ಕನ್ನಡದ ‘ಆಣೆ’ಯ ಮೂಲವೂ ಅದೇ ಆಜ್ಞೆ. ‘ಚಕ್ರ’ ಮಾತ್ರ ಪಾಳಿಯ ‘ಚಕ್ಕ’ವಾಗದೆ ಸಂಸ್ಕೃತವಾಗಿಯೇ ಉಳಿದಿದೆ. ಅಂಗ್ಕೋರ್ ಶಾಸನಗಳ ಸಂಸ್ಕೃತವೂ ಅನಂತರದ ಥೇರವಾದ ಬೌದ್ಧರ ಪಾಳಿಯೂ ಹೀಗೆ ಒಂದೇ ಸಮಾಸದಲ್ಲಿ ಬೆರೆತಿವೆ. ಅರಸನ ಆಜ್ಞೆ ನಡೆಯುವ ಮಂಡಲವೇ ರಾಜ್ಯವೆಂಬುದು ಇದರ ಅರ್ಥ. ಇಲ್ಲಿ ನೆಲದ ಎಲ್ಲೆಗಿಂತ ಆಜ್ಞೆಯ ವ್ಯಾಪ್ತಿ ಮುಖ್ಯ.

‘ಕಂಬುಜ’ ಎಂದರೆ ಕಂಬುವಿನ ಸಂತತಿ. 10ನೆಯ ಶತಮಾನದ ಬಕ್ಸೇಯ್ ಚಾಮ್‌ಕ್ರೋಂಗ್ ಶಾಸನವು ಕಂಬು ಸ್ವಾಯಂಭುವನನ್ನೂ ಮೇರಾ ಎಂಬ ಅಪ್ಸರೆಯನ್ನೂ ಸ್ಮರಿಸುತ್ತದೆ. ಇದು ವಂಶಕಥೆಯೇ ಹೊರತು ವ್ಯುತ್ಪತ್ತಿಗೆ ಪ್ರಮಾಣವಲ್ಲ. ಭಾರತದ ವಾಯವ್ಯದ ಕಾಂಬೋಜದೊಡನೆ ಕೇವಲ ಧ್ವನಿಸಾಮ್ಯದಿಂದ ನಂಟು ಕಲ್ಪಿಸುವುದೂ ಸಲ್ಲದು.

1970ರಲ್ಲಿ ಅರಸೊತ್ತಿಗೆ ರದ್ದಾದಾಗ ‘ರಾಜಾಣಾಚಕ್ರ’ದೊಡನೆ ‘ಕಂಬುಜ’ವೂ ಮರೆಯಾಗಿ, ದೇಶವು ಖ್ಮೇರ್ ಗಣರಾಜ್ಯವೆನಿಸಿತು. ‘ಕಂಬುಜ’ವು ಖ್ಮೇರ್ ರೂಜ್ ಆಡಳಿತದ 1976ರ ಸಂವಿಧಾನದಲ್ಲಿ ಮರಳಿತು, ‘ರಾಜಾಣಾಚಕ್ರ’ವು ಮರಳಿದ್ದು 1993ರ ಸಂವಿಧಾನದೊಡನೆ.