ಅತ್ತಿಬೆಲೆ: ಭೂವೈಜ್ಞಾನಿಕ ಇತಿಹಾಸ

ಬೆಂಗಳೂರು ನಗರ ಜಿಲ್ಲೆಯ ಆನೇಕಲ್ ತಾಲ್ಲೂಕಿಗೆ ಸೇರಿದ ಅತ್ತಿಬೆಲೆ ಹೊಸೂರು ರಸ್ತೆಯಲ್ಲಿ, ತಮಿಳುನಾಡಿನ ಗಡಿಗೆ ತಾಗಿಕೊಂಡಿರುವ ಪಟ್ಟಣ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಪಶ್ಚಿಮಕ್ಕೆ ರಾಮನಗರದ ಕ್ಲೋಸ್‌ಪೇಟೆ ಗ್ರಾನೈಟ್, ಪೂರ್ವಕ್ಕೆ ಕೋಲಾರದ ಚಿನ್ನದ ಶಿಲಾಪಟ್ಟಿ. ಈ ಎರಡರ ಸರಿಸುಮಾರು ನಡುವೆ ಇಲ್ಲಿನ ನೆಲ ಹರಡಿದೆ.

ತಳಶಿಲೆ

ಪಟ್ಟಣದ ಅಡಿಯಲ್ಲಿ ಮುಖ್ಯವಾಗಿ ಇರುವುದು ನೈಸ್ ಶಿಲೆ. ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯ ಡಬ್ಲ್ಯು. ಎಫ್. ಸ್ಮೀತ್ 1916ರಲ್ಲಿ ಬಳಸಿದ ‘ಪೆನಿನ್ಸುಲಾರ್ ನೈಸ್’ ಎಂಬ ಹೆಸರು ಇಂದಿಗೂ ನಿಂತಿದೆ. ಹೊಸದಾಗಿ ಸೀಳಿದ ಚಪ್ಪಡಿಯ ಅಂಚಿನಲ್ಲಿ ಬಿಳಿ ಮತ್ತು ಕಪ್ಪು ಎಳೆಗಳು ನಾದಿದ ಹಿಟ್ಟಿನಂತೆ ಮಡಿಚಿಕೊಂಡಿರುತ್ತವೆ. ಬಿಳಿಯದು ಬೆಣಚು ಮತ್ತು ಫೆಲ್ಡ್‌ಸ್ಪಾರ್. ಬೆರಳಿಗಂಟಿ ಮಿನುಗುವುದು ಜನ ಕಾಗೆಬಂಗಾರ ಎನ್ನುವ ಅಭ್ರಕ. ಅಲ್ಲಲ್ಲಿ ಅಂಗೈಯಗಲದ ಕಪ್ಪು ತುಣುಕುಗಳೂ ಕಾಣುತ್ತವೆ. ಇವು ನೈಸ್‌ಗಿಂತ ಹಳೆಯ ಲಾವಾ ಶಿಲೆಯ ಉಳಿಕೆಗಳಿರಬಹುದು.

ಬೆಂಗಳೂರಿನ ಲಾಲ್‌ಬಾಗ್‌ನಲ್ಲಿರುವ ಇದೇ ಜಾತಿಯ ಬಂಡೆಯ ವಯಸ್ಸು 300 ಕೋಟಿ ವರ್ಷ ಎಂಬ ಮಾತು ಜನಜನಿತ. ಆದರೆ ಧಾರವಾಡ ಕ್ರೇಟಾನ್ ಎಂಬ ಪುರಾತನ ಶಿಲಾಖಂಡದಲ್ಲಿ, ಅತ್ತಿಬೆಲೆಯೂ ಸೇರುವ ಪೂರ್ವಭಾಗದಲ್ಲಿ ಜಿರ್ಕಾನ್ ಹರಳುಗಳಿಂದ ಸಿಕ್ಕಿರುವ ಕಾಲಮಾನಗಳು ಬಹುಪಾಲು 270ರಿಂದ 250 ಕೋಟಿ ವರ್ಷಗಳ ನಡುವೆ ಬೀಳುತ್ತವೆ. ಆದ್ದರಿಂದ ಆ ಅಂಕಿಯನ್ನು ಅತ್ತಿಬೆಲೆಗೆ ಹಾಗೆಯೇ ಹಚ್ಚುವುದು ಸರಿಯಲ್ಲ.

ವಾಲಿದ ಭೂಚಿಪ್ಪು

ಈ ಪ್ರದೇಶದ ಚರಿತ್ರೆಯಲ್ಲಿ ಎಲ್ಲಕ್ಕಿಂತ ಮುಖ್ಯವಾದ ಸಂಗತಿ ನೆಲದ ಮೇಲೆ ಕಣ್ಣಿಗೆ ಬೀಳುವುದಿಲ್ಲ. ಕರ್ನಾಟಕದ ಭೂಚಿಪ್ಪು ವಾಲಿದೆ: ಉತ್ತರದಲ್ಲಿ ಅದರ ಮೇಲ್ಪದರಗಳು ಉಳಿದಿವೆ, ದಕ್ಷಿಣಕ್ಕೆ ಹೋದಂತೆಲ್ಲ ಮೇಲಿನದು ಸವೆದು ಆಳದ ಪದರಗಳು ಹೊರಬಂದಿವೆ. ಬಳ್ಳಾರಿಯಿಂದ ತಮಿಳುನಾಡಿನ ಕೃಷ್ಣಗಿರಿಯ ಕಡೆಗೆ ಪಯಣಿಸಿದರೆ ಭೂಮಿಯೊಳಗೆ ಹಂತಹಂತವಾಗಿ ಇಳಿದಂತೆಯೇ. ಕೃಷ್ಣಗಿರಿ, ಧರ್ಮಪುರಿಗಳ ಗ್ರಾನ್ಯುಲೈಟ್ ಶಿಲೆಗಳು ಸುಮಾರು 20 ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ ಬೆಂದಂಥವು. ಅತ್ತಿಬೆಲೆ ಆ ವಲಯಕ್ಕೆ ತುಸು ಮೊದಲಿನ ಮೆಟ್ಟಿಲು.

ನೈಸ್ ಹೀಗೆ ಗ್ರಾನ್ಯುಲೈಟ್ ಆಗಿ ಬದಲಾಗುವುದನ್ನು ಕಣ್ಣಾರೆ ಕಾಣಬೇಕಾದರೆ ಕನಕಪುರ ತಾಲ್ಲೂಕಿನ ಕಬ್ಬಾಳದುರ್ಗಕ್ಕೆ ಹೋಗಬೇಕು. ಅಲ್ಲಿನ ಕಲ್ಲುಕ್ವಾರಿಯಲ್ಲಿ ಬೂದುಬಣ್ಣದ ನೈಸ್, ಎಣ್ಣೆ ಚೆಲ್ಲಿದ ಕಲೆಯಂತೆ ಚಾರ್ನೊಕೈಟ್ ಎಂಬ ಕಡುಹಸಿರು ಗ್ರಾನ್ಯುಲೈಟ್ ಆಗಿ ತಿರುಗಿದೆ. ಒಂದೇ ಎಳೆ ಒಂದು ಶಿಲೆಯಿಂದ ಇನ್ನೊಂದಕ್ಕೆ ತುಂಡಾಗದೆ ಸಾಗುತ್ತದೆ. ಸಿ. ಎಸ್. ಪಿಚ್ಚಮುತ್ತು 1960ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಇದನ್ನು ಚಾರ್ನೊಕೈಟ್ ರೂಪುಗೊಳ್ಳುತ್ತಿರುವ ತಾಣವೆಂದೇ ವಿವರಿಸಿದರು. ಕಾರಣ ತಾಪ ಮಾತ್ರವಲ್ಲ, ಶಿಲೆಯೊಳಗಿನ ನೀರಿನ ಅಂಶ ಕುಗ್ಗಿದ್ದು ಎಂದು ಎ. ಎಸ್. ಜನಾರ್ದನ್, ಆರ್. ಸಿ. ನ್ಯೂಟನ್ ಮತ್ತು ಜೆ. ವಿ. ಸ್ಮಿತ್ 1979ರಲ್ಲಿ ವಾದಿಸಿದರು. ಇಂಗಾಲದ ಡೈಆಕ್ಸೈಡ್ ತುಂಬಿದ ದ್ರವ ಬಿರುಕುಗಳಲ್ಲಿ ಮೇಲೇರಿ ನೀರನ್ನು ಹೊರದೂಡಿತು ಎಂಬ ವಿವರಣೆಗೆ ಹೆಚ್ಚಿನ ಮನ್ನಣೆಯಿದೆ, ಆದರೆ ಚರ್ಚೆ ಮುಗಿದಿಲ್ಲ.

ಡೈಕ್‌ಗಳು

ಸುಮಾರು 237 ಕೋಟಿ ವರ್ಷಗಳ ಹಿಂದೆ ತಣಿದ ಭೂಚಿಪ್ಪು ಬಿರಿದು, ಬಿರುಕುಗಳಲ್ಲಿ ಶಿಲಾರಸ ನುಗ್ಗಿತು. ಬೆಂಗಳೂರಿನ ಸುತ್ತ ಬಹುತೇಕ ಪೂರ್ವ–ಪಶ್ಚಿಮವಾಗಿ ಸಾಗುವ ಡೋಲರೈಟ್ ಡೈಕ್‌ಗಳು ಅದರ ಗುರುತು. ಕ್ವಾರಿಯವರು ಈ ಡೋಲರೈಟನ್ನು ಕರಿಕಲ್ಲು ಎನ್ನುತ್ತಾರೆ. ಆಮೇಲಿನ ದೀರ್ಘಕಾಲಕ್ಕೆ ಇಲ್ಲಿ ಶಿಲಾದಾಖಲೆಯಿಲ್ಲ, ಪಳೆಯುಳಿಕೆಗಳೂ ಸಿಗುವುದಿಲ್ಲ.

ಮಣ್ಣು ಮತ್ತು ನೀರು

ಬಿಸಿಲು ಮಳೆಗೆ ಕಲ್ಲು ಕೊಳೆತು ಮೇಲೆ ಕೆಮ್ಮಣ್ಣು, ಅದರಡಿ ಗರಸು, ಬಳಿಕ ಬಿಳುಪು ಸುದ್ದೆ ಉಂಟಾಗಿದೆ. ಕೊಳವೆಬಾವಿ ಕೊರೆಯುವಾಗ ಹೊರಬೀಳುವ ಪುಡಿ ಇದೇ ಕ್ರಮದಲ್ಲಿ ಬಣ್ಣ ಬದಲಿಸಿ, ಕೊನೆಗೆ ಬೂದುಬಣ್ಣಕ್ಕೆ ನಿಲ್ಲುತ್ತದೆ. ಅಲ್ಲಿಂದ ಕೆಳಗೆ ಗಟ್ಟಿಬಂಡೆ. ತೆರೆದ ಬಾವಿಗಳು ಕೊಳೆತ ಪದರದ ನೀರನ್ನೇ ನಂಬಿದ್ದವು. ಅದು ಬತ್ತಿದ ಮೇಲೆ ಉಳಿದದ್ದು ಬಂಡೆಯ ಬಿರುಕುಗಳ ಸೆಲೆ. ಇಲ್ಲಿನ ಮಳೆನೀರು ಕೆರೆಯಿಂದ ಕೆರೆಗೆ ಕೋಡಿ ಹರಿದು ದಕ್ಷಿಣ ಪಿನಾಕಿನಿಯನ್ನು ಸೇರಬೇಕು. ಆನೇಕಲ್ ತಾಲ್ಲೂಕನ್ನು ಕೇಂದ್ರ ಅಂತರ್ಜಲ ಮಂಡಳಿ ಅತಿಬಳಕೆಯ ಪಟ್ಟಿಯಲ್ಲಿಟ್ಟಿದೆ.

ಸೆಲೆಯ ದಾರಿಗೆ ಕರಿಕಲ್ಲಿನ ಡೈಕ್ ಅಡ್ಡಬಂದರೆ ನೆಲದೊಳಗಿನ ಏರಿಯಂತೆ ಅದು ನೀರನ್ನು ತಡೆಯುತ್ತದೆ. ಹೀಗಾಗಿ ಡೈಕಿನ ಮೇಲ್ಮಗ್ಗುಲಿನ ಹೊಲದಲ್ಲಿ ನೀರು ಚಿಮ್ಮಿದರೆ, ಕೆಳಮಗ್ಗುಲಿನ ಹೊಲದಲ್ಲಿ ಅಷ್ಟೇ ಆಳ ಕೊರೆದರೂ ಬರೀ ಧೂಳು ಏಳುವುದುಂಟು.