‘ಮೂಳೆ ಸವೆದಿದೆ’ ಎಂದರೆ ಸವೆದಿದ್ದು ಯಾವುದು?

ಮಂಡಿ ನೋವಿಗೂ ‘ಮೂಳೆ ಸವೆದಿದೆ’ ಎನ್ನುತ್ತೇವೆ, ಸಣ್ಣದಾಗಿ ಜಾರಿ ಬಿದ್ದು ಸೊಂಟ ಮುರಿದರೂ ಅದನ್ನೇ ಹೇಳುತ್ತೇವೆ. ತೊಂದರೆಗಳು ಬೇರೆ, ಅಳೆಯುವ ಬಗೆಯೂ ಬೇರೆ.

ಮಂಡಿಯಲ್ಲಿ ಸವೆಯುವುದು ಮೂಳೆಯ ತುದಿಗಿರುವ ನುಣುಪಾದ ಹೊದಿಕೆ, ಅಂದರೆ ಮೃದ್ವಸ್ಥಿ. ಎಕ್ಸ್‌-ರೇಯಲ್ಲಿ ಅದು ಕಾಣುವುದಿಲ್ಲ; ಎರಡು ಮೂಳೆಗಳ ನಡುವಿನ ಅಂತರ ನೋಡಿ ಅಂದಾಜಿಸುತ್ತಾರೆ. ನಿಲ್ಲಿಸಿ ಎಕ್ಸ್‌-ರೇ ತೆಗೆಯುವುದು ಅದಕ್ಕೇ: ಮೈಭಾರ ಬೀಳದಿದ್ದರೆ ಅಂತರ ಇರುವುದಕ್ಕಿಂತ ಹೆಚ್ಚಾಗಿ ಕಾಣಬಹುದು. ಮೃದ್ವಸ್ಥಿಯನ್ನೇ ನೋಡಬೇಕಾದರೆ ಎಂಆರ್‌ಐ.

ಮೂಳೆಯ ಸಾಂದ್ರತೆಗೆ ಡೆಕ್ಸಾ ಸ್ಕ್ಯಾನ್. ಆರೋಗ್ಯವಂತ ಯುವವಯಸ್ಸಿನವರ ಸರಾಸರಿಗೆ ಹೋಲಿಸಿ ಟಿ-ಸ್ಕೋರ್ ಕೊಡುತ್ತಾರೆ. ಮುಟ್ಟು ನಿಂತ ಮಹಿಳೆಯರಲ್ಲಿ ಅದು -2.5 ಅಥವಾ ಅದಕ್ಕಿಂತ ಕೆಳಗಿದ್ದರೆ ಆಸ್ಟಿಯೊಪೊರೋಸಿಸ್. ವಿಶ್ವ ಆರೋಗ್ಯ ಸಂಸ್ಥೆ 1994ರಲ್ಲಿ ಹಾಕಿದ ಗೆರೆ ಇದು. ಉಚಿತ ಕ್ಯಾಂಪ್‌ಗಳಲ್ಲಿ ಹಿಮ್ಮಡಿಗೆ ಹಿಡಿಯುವ ಅಲ್ಟ್ರಾಸೌಂಡ್ ಯಂತ್ರವೂ ಟಿ-ಸ್ಕೋರ್ ಎಂದೇ ಚೀಟಿ ಕೊಡುತ್ತದೆ. ಆ ಅಂಕಿಗೆ ಈ ಗೆರೆ ಅನ್ವಯಿಸುವುದಿಲ್ಲ. ಅಂಥ ಚೀಟಿ ಹಿಡಿದು ಮಾತ್ರೆ ಕೇಳಲು ಬಂದವರಿಗೆ, ಮೊದಲು ವೈದ್ಯರಿಗೆ ತೋರಿಸಿ ಡೆಕ್ಸಾ ಬೇಕೇ ಎಂದು ಕೇಳಿ ಎನ್ನುತ್ತೇನೆ.

ವಯಸ್ಸಾದವರ ಬೆನ್ನುಮೂಳೆಯ ಸ್ಕೋರ್ ಮಾತ್ರ ನೋಡಿ ಸಮಾಧಾನಪಡಬೇಡಿ. ಅಲ್ಲಿನ ಕೀಲುಗಳು ಸವೆದಾಗ ಬೆಳೆಯುವ ಹೆಚ್ಚುವರಿ ಮೂಳೆಯಿಂದ ಅಂಕಿ ಸುಳ್ಳೇ ಏರುತ್ತದೆ. ಸೊಂಟದ ಕೀಲಿನ ಅಂಕಿಯನ್ನೂ ಓದಿ. ಕ್ಯಾಲ್ಸಿಯಂ ಮಾತ್ರೆಯನ್ನು ಸ್ಕ್ಯಾನ್‌ಗೆ 24 ಗಂಟೆ ಮೊದಲೇ ನಿಲ್ಲಿಸಿ. ಹೊಟ್ಟೆಯಲ್ಲಿ ಕರಗದೆ ಉಳಿದ ಮಾತ್ರೆಯೂ ಲೆಕ್ಕಕ್ಕೆ ಸೇರಿಬಿಡಬಹುದು.