ಒಲೆ ಮತ್ತು ಯತ್ನಾಚಾರ: ಬಾಗಲಕೋಟೆ ಸೀಮೆಯ ಅಡಿಗೆಮನೆಯ ಚರಿತ್ರೆ

ಬಾದಾಮಿಯ ಬೆಟ್ಟವನ್ನೇರಿ ನಾಲ್ಕನೆಯ ಗುಹೆಯನ್ನು ಮುಟ್ಟಿದವರಿಗೆ ಮುಖಮಂಟಪದ ಒಂದು ಕೊನೆಯಲ್ಲಿ ಬಾಹುಬಲಿಯೂ ಇನ್ನೊಂದು ಕೊನೆಯಲ್ಲಿ ಪಾರ್ಶ್ವನಾಥ ತೀರ್ಥಂಕರರೂ ಕಾಣುತ್ತಾರೆ. ಹುನಗುಂದ ತಾಲ್ಲೂಕಿನ ಐಹೊಳೆಯ ಜೈನಗುಹೆಯಲ್ಲಿಯೂ ಇದೇ ಜೋಡಿ. ಪಾರ್ಶ್ವನಾಥರ ತಲೆಯ ಮೇಲಣ ಹೆಡೆಯನ್ನು ಕಂಡ ಭಕ್ತರಿಗೆ ಉಪಸರ್ಗದ ಕಥೆ ನೆನಪಾಗುವುದು ಸಹಜವೇ. ಆದರೆ ಆ ಹೆಡೆಯ ಕಥೆ ಆರಂಭವಾಗುವುದು ಒಂದು ಕಟ್ಟಿಗೆಯ ತುಂಡಿನಿಂದ ಎಂಬುದನ್ನು ನೆನೆಯುವವರು ವಿರಳ. ಗುಣಭದ್ರಾಚಾರ್ಯರ ಉತ್ತರಪುರಾಣದ ಪ್ರಕಾರ, ಪಂಚಾಗ್ನಿ ತಪಸ್ಸಿನಲ್ಲಿ ತೊಡಗಿದ್ದ ತಾಪಸನೊಬ್ಬನು ಬೆಂಕಿಗೆಂದು ಕಟ್ಟಿಗೆ ಸೀಳಲು ಕೊಡಲಿ ಎತ್ತಿದಾಗ, ಅದರೊಳಗೆ ಜೀವಗಳಿವೆ, ಕಡಿಯಬೇಡ ಎಂದು ರಾಜಕುಮಾರನಾದ ಪಾರ್ಶ್ವನು ತಡೆದನು. ತಾಪಸನು ಕೇಳಲಿಲ್ಲ. ಕೊಡಲಿ ಬಿದ್ದಿತು, ಒಳಗಿದ್ದ ಸರ್ಪಯುಗಲ ತುಂಡಾಯಿತು. ಆ ಜೋಡಿಯೇ ಮುಂದೆ ಧರಣೇಂದ್ರ ಪದ್ಮಾವತಿಯರಾಗಿ ಜನಿಸಿತೆಂಬುದು ಪುರಾಣ. ಶ್ವೇತಾಂಬರ ಪರಂಪರೆಯಲ್ಲಿ ಕಟ್ಟಿಗೆ ಆಗಲೇ ಉರಿಯುತ್ತಿರುತ್ತದೆ. ವಿವರ ಬೇರೆಯಾದರೂ ತಿರುಳು ಒಂದೇ: ಬೆಂಕಿಗೆ ಹಾಕುವ ಮೊದಲು ಕಟ್ಟಿಗೆಯನ್ನು ನೋಡು.

ಶ್ರಾವಕಾಚಾರವು ಒಲೆಯನ್ನು ಎಂದೂ ನಿರಪರಾಧಿಯೆಂದು ಬಗೆದಿಲ್ಲ. ಕುಟ್ಟುವ ಒರಳು, ಬೀಸುವ ಕಲ್ಲು, ಒಲೆ, ನೀರಿನ ಕೊಡ, ಕಸಬರಿಗೆ ಈ ಐದೂ ಗೃಹಸ್ಥನ ಮನೆಯಲ್ಲಿ ಜೀವಹಾನಿಯ ಸ್ಥಾನಗಳು. ಇವಕ್ಕೆ ಪಂಚಸೂನೆಗಳೆಂದು ಹೆಸರು. ಸಮಂತಭದ್ರಾಚಾರ್ಯರು ರತ್ನಕರಂಡಕದಲ್ಲಿ ದಾನದ ಲಕ್ಷಣವನ್ನು ಹೇಳುವಾಗ, ಈ ಸೂನೆಗಳನ್ನೂ ಆರಂಭಗಳನ್ನೂ ತೊರೆದ ಮುನಿಗಳಿಗೆ ಸಲ್ಲಿಸುವ ಗೌರವವೇ ದಾನವೆಂದು ನಿರೂಪಿಸಿದ್ದಾರೆ. ಮುನಿಯು ಒಲೆಯನ್ನು ತೊರೆದಿದ್ದಾನೆ, ಗೃಹಸ್ಥನು ತೊರೆಯಲಾರ. ಆದ್ದರಿಂದಲೇ ಗೃಹಸ್ಥನಿಗೆ ವಿಧಿಸಿದ್ದು ತ್ಯಾಗವಲ್ಲ, ಯತ್ನಾಚಾರ. ತತ್ತ್ವಾರ್ಥಸೂತ್ರವು ಹಿಂಸೆಯ ಲಕ್ಷಣದಲ್ಲಿಯೇ ಪ್ರಮಾದವನ್ನು ಸೇರಿಸಿರುವುದು ಇಲ್ಲಿ ಗಮನಾರ್ಹವಾದುದು.

ಬೆಂಕಿ ಹೊತ್ತಿಸುವವನಿಗೆ ಹೆಚ್ಚು ಪಾಪವೋ ಆರಿಸುವವನಿಗೋ ಎಂಬ ಪ್ರಶ್ನೆ ಶ್ವೇತಾಂಬರ ಆಗಮವಾದ ಭಗವತೀಸೂತ್ರದಲ್ಲಿ ಬರುತ್ತದೆ. ಕೇಳಿದವನು ಕಾಲೋದಾಯಿ, ಉತ್ತರಿಸಿದವರು ಭಗವಾನ್ ಮಹಾವೀರರು. ಆರಿಸುವವನು ಅಗ್ನಿಕಾಯ ಜೀವಗಳನ್ನು ಹೆಚ್ಚಾಗಿ ಬಾಧಿಸುತ್ತಾನೆ. ಹೊತ್ತಿಸುವವನಾದರೋ ಮಣ್ಣು, ನೀರು, ಗಾಳಿ, ಸಸ್ಯ ಮತ್ತು ಚಲಿಸುವ ಜೀವಗಳೆಲ್ಲವನ್ನೂ ಹೆಚ್ಚಾಗಿ ಬಾಧಿಸುತ್ತಾನೆ. ಆದ್ದರಿಂದ ಹೊತ್ತಿಸುವವನ ಕರ್ಮವೇ ಹಿರಿದು ಎಂಬುದು ಅಲ್ಲಿಯ ನಿರ್ಣಯ. ಉರಿದು ಮುಗಿಯುವ ತನಕವೂ ಬೆಂಕಿಯ ಹೊಣೆ ಹೊತ್ತಿಸಿದವನದೇ ಎಂದು ಇದರಿಂದ ಗ್ರಹಿಸಬಹುದು.

ಈ ಹೊಣೆಯು ಬಾಗಲಕೋಟೆ ಸೀಮೆಯ ಶ್ರಾವಕರ ಮನೆಗಳಲ್ಲಿ ನಿತ್ಯದ ರೂಢಿಯಾಗಿ ಇಳಿದಿತ್ತು. ಇದು ದೊಡ್ಡ ಕಾಡುಗಳ ನಾಡಲ್ಲ. ಹತ್ತಿಕಟ್ಟಿಗೆ, ತೊಗರಿಕಟ್ಟಿಗೆ, ಜಾಲಿಯ ತುಂಡು, ಸಗಣಿಯ ಕುಳ್ಳು ಇವೇ ಇಲ್ಲಿಯ ಉರುವಲು. ಹತ್ತಿಕಟ್ಟಿಗೆ ಬೇಗ ಹೊತ್ತಿ ಬೇಗ ಮುಗಿಯುತ್ತದೆ, ಒಲೆಯ ಮುಂದಿನಿಂದ ಏಳಗೊಡುವುದಿಲ್ಲ. ಕುಳ್ಳು ನಿಧಾನವಾಗಿ ಉರಿಯುತ್ತದೆ, ಹೊಗೆ ಹೆಚ್ಚು. ಕಟ್ಟಿಗೆಯನ್ನು ನೆಲಕ್ಕೆ ಕುಟ್ಟಿ, ಇರುವೆ ಗೆದ್ದಲು ಉದುರಿಸಿ, ಟೊಳ್ಳಿದ್ದರೆ ಸೀಳದೆ ಬದಿಗಿಟ್ಟು, ಒಲೆಯ ಬಾಯನ್ನು ಮೆತ್ತನೆಯ ಕಸಬರಿಗೆಯಿಂದ ಗುಡಿಸಿ, ಆಮೇಲೆಯೇ ಕಡ್ಡಿ ಗೀರುವುದು ಹಿರಿಯ ಶ್ರಾವಕಿಯರ ಕ್ರಮ. ರಾತ್ರಿಭೋಜನ ವರ್ಜ್ಯವಾದ್ದರಿಂದ ಹೊತ್ತು ಮುಳುಗುವ ಮುನ್ನವೇ ಒಲೆಯ ಕೆಲಸ ಮುಗಿಯುತ್ತಿತ್ತು. ದೀಪದ ಬೆಳಕಿನಲ್ಲಿ, ನಿದ್ದೆಗಣ್ಣಿನಲ್ಲಿ, ಉರಿಯುವ ಕೊಳ್ಳಿಯನ್ನು ಹಾಗೆಯೇ ಬಿಟ್ಟು ಮಲಗುವ ಪ್ರಸಂಗ ಇದರಿಂದ ಎಷ್ಟು ತಪ್ಪಿರಬಹುದೆಂದು ಊಹಿಸಬಹುದು. ವ್ರತವು ಬೆಂಕಿಯ ಭಯದಿಂದ ಹುಟ್ಟಿದ್ದಲ್ಲ, ಆದರೆ ಮನೆ ಉಳಿಯುವುದಕ್ಕೂ ಒದಗಿಬಂದಿತು.

ಇಷ್ಟು ಹೇಳಿದ ಮೇಲೆ ಇನ್ನೊಂದು ಮಾತನ್ನು ಮುಚ್ಚಿಡಲಾಗದು. ಕಟ್ಟಿಗೆಯೊಳಗಿನ ಇರುವೆಯನ್ನು ಕಂಡ ಕಣ್ಣು ಒಲೆಯ ಮುಂದೆ ಕುಳಿತವಳ ಎದೆಯೊಳಗೆ ಹೋಗುತ್ತಿದ್ದ ಹೊಗೆಯನ್ನು ಕಾಣಲಿಲ್ಲ. ಮಣ್ಣಿನ ಮಾಳಿಗೆಯ ಮನೆಗಳಲ್ಲಿ ಹೊಗೆ ಹೊರಬೀಳಲು ಇದ್ದುದು ಮೇಲಣ ಒಂದು ಬೆಳಕಿಂಡಿ ಮಾತ್ರ. ಮಳೆ ಬಂದರೆ ಅದನ್ನೂ ಮುಚ್ಚಬೇಕು. ತೊಲೆಗಳಿಂದ ಇಲ್ಲಣ ಜೋತಾಡುತ್ತಿತ್ತು. ಊದುಗೊಳವೆಯ ಹಿಂದೆ ಕಣ್ಣೊರೆಸಿಕೊಳ್ಳುವುದು ಹೆಣ್ಣಿನ ಹಣೆಬರಹವೆಂದೇ ಬಗೆಯಲಾಯಿತು. ಮನೆಯೊಳಗಿನ ಉರುವಲ ಹೊಗೆಯಿಂದ 2020ರ ಒಂದೇ ವರ್ಷದಲ್ಲಿ ಜಗತ್ತಿನಲ್ಲಿ ಸುಮಾರು 32 ಲಕ್ಷ ಜನ ಅಕಾಲದಲ್ಲಿ ಮೃತರಾದರೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಪಂಚೇಂದ್ರಿಯ ಜೀವಕ್ಕೆ, ಅದೂ ಸ್ವಂತ ಮನೆಯ ತಾಯಿಗೆ, ಆಗುವ ಈ ಬಾಧೆಯನ್ನು ಹಿಂಸೆಯ ಲೆಕ್ಕದಿಂದ ಹೊರಗಿಡಲು ಯಾವ ಶಾಸ್ತ್ರದ ಆಧಾರವೂ ಇಲ್ಲ.

ಬಾಣಂತಿಯ ಕೋಣೆಯ ಮಾತಂತೂ ಇನ್ನೂ ಗಂಭೀರವಾದುದು. ಬಾಣಂತಿಯ ಹೊರಸಿನ ಕೆಳಗೆ ಕೆಂಡವಿಟ್ಟು ಬೆಚ್ಚಗಿಡುವುದು, ಗಾಳಿ ತಾಕದಂತೆ ಕಿಟಕಿ ಮುಚ್ಚುವುದು ಈ ಭಾಗದ ಹಳೆಯ ರೂಢಿ. ಕೆಂಡದಲ್ಲಿ ಹೊಗೆಯಿಲ್ಲ, ಆದ್ದರಿಂದ ಅಪಾಯವಿಲ್ಲ ಎಂಬುದು ಪೂರ್ತಿ ತಪ್ಪು ತಿಳಿವಳಿಕೆ. ಕೆಂಡದಿಂದ ಏಳುವ ಕಾರ್ಬನ್ ಮಾನಾಕ್ಸೈಡ್ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಅದು ರಕ್ತದಲ್ಲಿ ಪ್ರಾಣವಾಯುವಿನ ಜಾಗವನ್ನು ಆಕ್ರಮಿಸಿ, ತಲೆನೋವು, ಮಂಪರು, ನಿದ್ದೆ, ಮರಣ ಎಂಬ ಕ್ರಮದಲ್ಲಿ ಕೆಲಸ ಮಾಡುತ್ತದೆ. ಮಲಗಿದವರಿಗೆ ಅದು ತಿಳಿಯುವುದೇ ಇಲ್ಲ. ಮುಚ್ಚಿದ ಕೋಣೆಯಲ್ಲಿ ಕೆಂಡವನ್ನಾಗಲಿ ಶೆಗಡಿಯನ್ನಾಗಲಿ ಇಡಲೇಬಾರದು. ಬಚ್ಚಲುಮನೆಯ ಹಂಡೆಯ ಒಲೆಗೂ ಇದೇ ಮಾತು ಸಲ್ಲುತ್ತದೆ. ಅಡಿಗೆಗೆ ಗ್ಯಾಸ್ ಬಂದ ಎಷ್ಟೋ ಮನೆಗಳಲ್ಲಿ ಹಂಡೆಯ ಉರಿ ಇನ್ನೂ ಕಟ್ಟಿಗೆಯದೇ.

ಒಲೆಯ ಹೊಗೆಯ ವಿಷಯದಲ್ಲಿ ಕರ್ನಾಟಕದಲ್ಲಿ ಗಂಭೀರವಾದ ಪ್ರಯತ್ನ ನಡೆದದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ. ಪ್ರಾಧ್ಯಾಪಕ ಅಮೂಲ್ಯ ರೆಡ್ಡಿಯವರ ನೇತೃತ್ವದಲ್ಲಿ 1974ರಲ್ಲಿ ಅಲ್ಲಿ ಗ್ರಾಮೀಣ ತಂತ್ರಜ್ಞಾನಕ್ಕೆಂದು ‘ಅಸ್ತ್ರ’ ಎಂಬ ಕೇಂದ್ರವು ಹುಟ್ಟಿತು. ಅಲ್ಲಿ ರೂಪುಗೊಂಡ ಒಲೆಗೆ ಜನ ‘ಅಸ್ತ್ರ ಒಲೆ’ ಎಂದೇ ಕರೆದರು. ಮೂರು ಪಾತ್ರೆಗಳು ಕೂರುವ ಮುಚ್ಚಿದ ಮೈ, ಕಟ್ಟಿಗೆಯ ಕೆಳಗೆ ಗಾಳಿಯಾಡಲು ಕಬ್ಬಿಣದ ಜಾಲರಿ, ಅದರಡಿಯಲ್ಲಿ ಬೂದಿಯ ಗುಳಿ, ಕೊನೆಗೆ ಮಾಳಿಗೆಯನ್ನು ದಾಟುವ ಚಿಮಣಿ: ಇದು ಅದರ ರಚನೆ. ಗುಟ್ಟು ಸರಳವಾದುದು. ಬಿಸಿ ಗಾಳಿ ಚಿಮಣಿಯಲ್ಲಿ ಮೇಲೇರುತ್ತದೆ; ಆ ಸೆಳೆತಕ್ಕೆ ಜಾಲರಿಯ ಕೆಳಗಿನಿಂದ ಹೊಸ ಗಾಳಿ ನುಗ್ಗುತ್ತದೆ; ಉರಿ ಒಂದನೆಯ ಪಾತ್ರೆಯನ್ನು ಕಾಯಿಸಿ, ಉಳಿದ ಶಾಖವನ್ನು ಎರಡನೆಯ ಮೂರನೆಯ ಪಾತ್ರೆಗಳಿಗೆ ಕೊಟ್ಟು ಹೊರಟುಹೋಗುತ್ತದೆ. ಊದುಗೊಳವೆ ಬೇಕಿಲ್ಲ. ಕಟ್ಟಿಗೆಯೂ ಉಳಿಯುತ್ತದೆ.

ಕೇಂದ್ರ ಸರ್ಕಾರವು 1983ರ ಕೊನೆಯಲ್ಲಿ ಸುಧಾರಿತ ಒಲೆಗಳ ರಾಷ್ಟ್ರೀಯ ಕಾರ್ಯಕ್ರಮವನ್ನು ಕೈಗೊಂಡು, 2002ರಲ್ಲಿ ಅದನ್ನು ಕೈಬಿಟ್ಟಿತು. ಆ ಅವಧಿಯಲ್ಲಿ ದೇಶದಲ್ಲಿ 3 ಕೋಟಿಗೂ ಹೆಚ್ಚು ಒಲೆಗಳನ್ನು ಹಾಕಲಾಯಿತೆಂದು ಲೆಕ್ಕ ಹೇಳುತ್ತದೆ. ಅವುಗಳಲ್ಲಿ ಬಹಳಷ್ಟು ಕೆಲವೇ ವರ್ಷಗಳಲ್ಲಿ ನಿಂತುಹೋದವು. ದೋಷ ಕೇವಲ ಒಲೆಯ ರಚನೆಯದಾಗಿರಲಿಲ್ಲ. ಒಲೆ ಕಟ್ಟಿಕೊಡುವುದಕ್ಕೆ ಗುರಿಯಿತ್ತು, ಸಹಾಯಧನವಿತ್ತು. ಕಟ್ಟಿದ ಮೇಲೆ ಅದನ್ನು ನೋಡಿಕೊಳ್ಳುವುದು ಯಾರ ಕೆಲಸವೆಂಬುದು ಮಾತ್ರ ಸ್ಪಷ್ಟವಿರಲಿಲ್ಲ. ಚಿಮಣಿ ಕಟ್ಟಿಕೊಂಡ ಮೇಲೆ ಮುಚ್ಚಿದ ಒಲೆ ತೆರೆದ ಒಲೆಗಿಂತಲೂ ಕೇಡು, ಏಕೆಂದರೆ ಹೊಗೆಯೆಲ್ಲ ಕಟ್ಟಿಗೆ ಹಾಕುವ ಬಾಯಿಂದಲೇ ಮರಳಿ ಬರುತ್ತದೆ. ಏಣಿ ಹತ್ತಿ ಮಾಳಿಗೆಯ ಮೇಲೆ ಹೋಗಿ ಕೊಳವೆ ತಟ್ಟಬೇಕಾದವನು ಮನೆಯ ಗಂಡಸು; ಹೊಗೆ ಕುಡಿಯುವವಳು ಕೆಳಗೆ ಕುಳಿತ ಹೆಂಗಸು. ಇವರಿಬ್ಬರ ನಡುವಣ ಅಂತರದಲ್ಲಿ ಆ ಯೋಜನೆ ಸೋತಿತೆಂದರೆ ತಪ್ಪಾಗಲಾರದು. ಪ್ರಮಾದವೆಂದರೆ ಇದೇ.

ಹಾಗಾದರೆ ನೋಡಿಕೊಳ್ಳುವುದೆಂದರೇನು? ಪ್ರತಿದಿನ ಬೆಳಿಗ್ಗೆ ಬೂದಿಯ ಗುಳಿಯನ್ನು ಬರಿದು ಮಾಡಬೇಕು. ಬೂದಿ ಜಾಲರಿಯನ್ನು ಮುಟ್ಟಿದರೆ ಗಾಳಿ ನಿಂತಿತು. ಬೂದಿಯೊಳಗೆ ಅಡಗಿದ ಕೆಂಡ ಮರುದಿನದವರೆಗೂ ಜೀವ ಹಿಡಿದಿರುತ್ತದೆ. ಆದ್ದರಿಂದ ಅದನ್ನು ಮುಚ್ಚಳವಿರುವ ಕಬ್ಬಿಣದ ಡಬ್ಬಿಯಲ್ಲಿ ಹಾಕಿ, ಪೂರ್ತಿ ಆರಿದ ಮೇಲೆಯೇ ತಿಪ್ಪೆಗೆ ಸುರಿಯಬೇಕು; ಕಣಿಕೆಯ ಬಣವೆ ಇರುವ ಹಿತ್ತಿಲಲ್ಲಿ ಇದನ್ನು ಮರೆಯುವಂತಿಲ್ಲ. ಪಾತ್ರೆಗಳ ನಡುವಣ ಸುರಂಗದಲ್ಲಿ ಮಸಿ ತುಂಬುತ್ತದೆ, ಕೈ ಹಾಕಿ ತೆಗೆಯಬೇಕು. ಚಿಮಣಿಯನ್ನು ದಿನನಿತ್ಯ ಉರಿಸುವ ಮನೆಗಳಲ್ಲಿ ತಿಂಗಳಿಗೊಮ್ಮೆಯಾದರೂ, ಒಲೆ ತಣ್ಣಗಾದಾಗ, ಉದ್ದ ಕೋಲಿಗೆ ಚಿಂದಿ ಅಥವಾ ತೆಂಗಿನ ನಾರು ಕಟ್ಟಿ ಉಜ್ಜಬೇಕು. ಹಸಿ ಕಟ್ಟಿಗೆ ಉರಿಸಿದ ಚಿಮಣಿಯಲ್ಲಿ ಡಾಂಬರಿನಂಥ ಅಂಟು ಕೂರುತ್ತದೆ. ಒಂದು ಕಿಡಿ ಸಾಕು, ಕೊಳವೆಯೊಳಗೇ ಬೆಂಕಿ ಏಳುತ್ತದೆ. ಕಡಿದ ಹೊಸ ಕಟ್ಟಿಗೆಯ ತೂಕದಲ್ಲಿ ಸುಮಾರು ಅರ್ಧದವರೆಗೆ ನೀರಿರಬಹುದು. ಸುಗ್ಗಿಯ ಬಿಸಿಲಿನಲ್ಲಿ ಒಣಗಿಸಿ, ಮಳೆಗಾಲಕ್ಕೆ ಮುನ್ನ ನೆಲದಿಂದ ಮೇಲೆತ್ತಿ ಒಟ್ಟಿದರೆ ಹೊಗೆಯೂ ಕಡಿಮೆ, ಹುಳುವೂ ಕಡಿಮೆ. ಆರೋಗ್ಯಶಾಸ್ತ್ರವೂ ಶ್ರಾವಕಾಚಾರವೂ ಇಲ್ಲಿ ಒಂದೇ ಮಾತನ್ನು ಹೇಳುತ್ತವೆ. ಒಲೆಯ ಮೈ ಬಿರಿದರೆ ಮಣ್ಣು ಸಗಣಿ ಕಲಸಿ ಆಗಲೇ ಮೆತ್ತಬೇಕು. ಹಳೆಯ ಚಿಮಣಿ ಕಲ್ನಾರು ಸಿಮೆಂಟಿನದಾಗಿದ್ದರೆ ಅದನ್ನು ಕೊರೆಯುವುದೂ ಒಡೆಯುವುದೂ ಬೇಡ, ಅದರ ಧೂಳು ಶ್ವಾಸಕೋಶಕ್ಕೆ ವಿಷ. ಉರಿ ಹತ್ತಲೊಲ್ಲದೆಂದು ಸೀಮೆಎಣ್ಣೆ ಸುರಿಯುವ ಚಾಳಿಯಿಂದ ಸುಟ್ಟುಕೊಂಡವರ ಸಂಖ್ಯೆ ಸಣ್ಣದಲ್ಲ. ಸುಟ್ಟ ಗಾಯಕ್ಕೆ ಮಸಿ, ಬೂದಿ, ಎಣ್ಣೆ ಹಚ್ಚದೆ, 20 ನಿಮಿಷ ಶುದ್ಧವಾದ ತಣ್ಣೀರು ಹರಿಸಿ, ವೈದ್ಯರ ಬಳಿಗೆ ಒಯ್ಯಬೇಕು.

ಇಳಕಲ್ಲಿನ ಮನೆಗಳಿಗೆ ಎರಡು ವಿಶೇಷ ಎಚ್ಚರಿಕೆಗಳಿವೆ. ಆ ಊರಿನ ಕೆಂಪು ಗ್ರಾನೈಟ್ ಲೋಕಪ್ರಸಿದ್ಧ. ಕೈಗೆ ಸುಲಭವಾಗಿ ಸಿಗುವ ಚೂರುಗಳನ್ನು ಒಲೆಯ ಗುಂಡಾಗಿ ಹೂಡುವ ಆಸೆಯೂ ಸಹಜ. ಆದರೆ ಗ್ರಾನೈಟಿನೊಳಗಿನ ಹರಳುಗಳು ನೇರ ಉರಿಗೆ ಒಂದೇ ಸಮನಾಗಿ ಹಿಗ್ಗುವುದಿಲ್ಲ, ಮೇಲ್ಪದರು ಚಟಚಟನೆ ಸಿಡಿಯುತ್ತದೆ. ಕಲ್ಲಿನ ಕಾರಖಾನೆಗಳಲ್ಲಿ ನೆಲಹಾಸಿನ ಚಪ್ಪಡಿಯನ್ನು ಒರಟು ಮಾಡಲು ಉರಿ ಹಿಡಿಯುವುದು ಈ ಗುಣವನ್ನೇ ಬಳಸಿಕೊಂಡು. ಒಲೆಗೆ ಇಟ್ಟಿಗೆ ಮಣ್ಣುಗಳೇ ಲೇಸು. ಇನ್ನೊಂದು ಸೀರೆಯ ಮಾತು. ಮೈಯ ಹತ್ತಿಗೆ ಕೊಂಡಿ ಹಾಕಿ ಸೆರಗನ್ನು ಕೂಡಿಸುವುದು ಇಳಕಲ್ಲ ಸೀರೆಯ ಹಿರಿಮೆ. ಅಪ್ಪಟ ರೇಷ್ಮೆ ಬೆಂಕಿಗೆ ನಿಧಾನ; ಅದರ ಬದಲಿಗೆ ಬಂದ ಕೃತಕ ರೇಷ್ಮೆ ಹತ್ತಿಯಂತೆಯೇ ಭಗ್ಗನೆ ಹೊತ್ತುತ್ತದೆ. ಸೆರಗನ್ನು ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಿಕೊಂಡೇ ಒಲೆಯ ಮುಂದೆ ಕೂಡಬೇಕು. ನೇಕಾರರ ಮನೆಗಳಲ್ಲಿ ಮಗ್ಗವೂ ನೂಲೂ ಒಲೆಯೂ ಒಂದೇ ಸೂರಿನಡಿ ಇರುವುದನ್ನು ಪ್ರತ್ಯೇಕವಾಗಿ ಹೇಳಬೇಕಿಲ್ಲ.

ಬಾಗಲಕೋಟೆಯದು ಬೇರೆ ಕಥೆ. ಆಲಮಟ್ಟಿ ಜಲಾಶಯದ ಹಿನ್ನೀರಿಗೆ ಹಳೆಯ ಊರಿನ ಭಾಗಗಳು ಮುಳುಗಿ, ಎಷ್ಟೋ ಕುಟುಂಬಗಳು ನವನಗರಕ್ಕೆ ಬಂದವು. ಮಾಳಿಗೆಯ ಮನೆಯ ಬೆಳಕಿಂಡಿ ನೀರಿನಡಿಗೆ ಹೋಯಿತು. ಹೊಸ ಮನೆಯ ಕಾಂಕ್ರೀಟ್ ಛಾವಣಿಗೆ ಹೊಗೆ ಹೋಗುವ ದಾರಿಯನ್ನು ಯಾರೂ ಬಿಡಲಿಲ್ಲ. ಒಲೆ ಹಿತ್ತಿಲಿಗೆ, ಮೆಟ್ಟಿಲ ಕೆಳಗಿನ ಮೂಲೆಗೆ ಸರಿಯಿತು. 2016ರ ಮೇ 1ರಂದು ಆರಂಭವಾದ ಉಜ್ವಲಾ ಯೋಜನೆಯಿಂದ ಬಡವರ ಮನೆಗೂ ಗ್ಯಾಸ್ ಬಂದಿತು ನಿಜ. ಆದರೆ ಸಿಲಿಂಡರ್ ಮುಗಿದ ದಿನ, ರೊಟ್ಟಿ ಬಡಿಯುವ ದಿನ, ನೀರು ಕಾಯಿಸುವ ಹೊತ್ತು ಹಳೆಯ ಒಲೆಗೇ ಮರಳುವುದುಂಟು. ವರ್ಷಕ್ಕೆ ಹತ್ತು ಸಲ ಮಾತ್ರ ಉರಿಯುವ ಒಲೆಯನ್ನು ಯಾರೂ ಒಲೆಯೆಂದೇ ಎಣಿಸುವುದಿಲ್ಲ. ಅದರ ಸುತ್ತ ಚೀಲ, ಕಾಗದ, ಹಳೆ ಬಟ್ಟೆ ಗುಡ್ಡೆಯಾಗುತ್ತವೆ.

ಬಸದಿಗಳ ಟ್ರಸ್ಟುಗಳಿಗೂ ಇದು ನೇರವಾಗಿ ಸಂಬಂಧಿಸಿದ ವಿಷಯ. ಪಂಚಕಲ್ಯಾಣದ ಸಾಮೂಹಿಕ ಅಡಿಗೆ, ಚಾತುರ್ಮಾಸದಲ್ಲಿ ಮುನಿಸಂಘಕ್ಕೆ ಆಹಾರ ಸಿದ್ಧಪಡಿಸುವ ಚೌಕ, ಪ್ರಾಸುಕ ಜಲ ಕಾಯಿಸುವ ಹಂಡೆ ಇವುಗಳಲ್ಲಿ ಕೆಲವೆಡೆ ಇಂದಿಗೂ ಕಟ್ಟಿಗೆಯೇ ಉರಿಯುತ್ತದೆ. ಮುನಿಗಳ ಆಹಾರದೋಷಗಳಲ್ಲಿ ಅಂಗಾರ, ಧೂಮ ಎಂಬ ಎರಡು ಹೆಸರುಗಳನ್ನು ಮೂಲಾಚಾರ ಹೇಳುತ್ತದೆ: ಆಸೆಪಟ್ಟು ಉಣ್ಣುವುದು ಅಂಗಾರ, ನಿಂದಿಸುತ್ತ ಉಣ್ಣುವುದು ಧೂಮ. ಉಣ್ಣುವವರ ಮನಸ್ಸಿನ ಕೆಂಡ ಹೊಗೆಗಳನ್ನು ಇಷ್ಟು ಸೂಕ್ಷ್ಮವಾಗಿ ಎಣಿಸಿದ ಪರಂಪರೆಯಲ್ಲಿ, ಬಡಿಸುವವರ ಕಣ್ಣಿನ ಹೊಗೆಗೂ ಒಂದು ಲೆಕ್ಕವಿರಬೇಕು. ಚೌಕದ ಕೋಣೆಗೆ ಎದುರುಬದುರು ಕಿಟಕಿ, ಕೈಗೆಟಕುವಲ್ಲಿ ಮರಳಿನ ಬಕೀಟು, ಆಷಾಢಕ್ಕೆ ಮುನ್ನ ಒಣಕಟ್ಟಿಗೆಯ ದಾಸ್ತಾನು, ಚಿಮಣಿ ತೊಳೆಯಲು ಒಬ್ಬ ಗೊತ್ತಾದ ಆಳು ಮತ್ತು ಅವನ ಸಂಬಳ: ಇವು ವಾರ್ಷಿಕ ಖರ್ಚಿನ ಪಟ್ಟಿಯಲ್ಲಿ ಬಣ್ಣ ಸುಣ್ಣದ ಪಕ್ಕದಲ್ಲಿಯೇ ಸೇರಬೇಕಾದವು.

ಇಂಥ ಒಲೆಗಳು ಎಂಟು ತಿಂಗಳು ತಣ್ಣಗಿರುತ್ತವೆ. ಅಷ್ಟರಲ್ಲಿ ಚಿಮಣಿಯ ಬಾಯಲ್ಲಿ ಗುಬ್ಬಿಯೋ ಮೈನಾವೋ ಹುಲ್ಲು ಸೇರಿಸಿರುತ್ತದೆ. ಹೊತ್ತಿಸಿದರೆ ಹೊಗೆ ಕೋಣೆಯೊಳಗೆ ತಿರುಗುತ್ತದೆ, ಒಣ ಹುಲ್ಲು ಕಿಡಿಗೆ ಹೊತ್ತುತ್ತದೆ, ಮರಿಗಳು ಸಾಯುತ್ತವೆ. ಆದ್ದರಿಂದ ಮೊದಲ ಉರಿಗೆ ಮುನ್ನ ಒಬ್ಬರು ಮಾಳಿಗೆಯೇರಿ ಕೊಳವೆಯೊಳಗೆ ಇಣುಕಬೇಕು. ಗೂಡು ಬರಿದಾಗಿದ್ದರೆ ತೆಗೆದು, ಮೇಲೆ ಜಾಲರಿ ಟೋಪಿ ಕೂರಿಸಬೇಕು. ಮೊಟ್ಟೆ ಮರಿಗಳಿದ್ದರೆ, ಅವು ಹಾರಿಹೋಗುವವರೆಗೆ ಅಡಿಗೆಯನ್ನು ಹಿತ್ತಿಲ ಬೇರೊಂದು ಒಲೆಯ ಮೇಲೆ ಮಾಡಿಕೊಳ್ಳಬೇಕು.